ಅಡಿಗಲ್ಲು

ಉರಿಯಬಾರದು, ಬೇಯಬೇಕು ಮರ.
ಅದಕ್ಕೇ ಮುಟಿಂಟಾ ಇದ್ದಿಲಗೂಡಿನ ಮೇಲೆ
ಇನ್ನೆರಡು ಬುಟ್ಟಿ ಮಣ್ಣು ಸುರಿದು
ಬಿರುಕುಗಳನ್ನು ಅಂಗೈಯಿಂದ ತಟ್ಟುತ್ತಾಳೆ.
ಚೋಮಾದ ಹೊರಗೆ, ಅಕ್ಟೋಬರ್ ಮೂರನೆಯ ವಾರ.
ಹನ್ನೊಂದು ದಿನದ ನಿದ್ದೆಗೇಡು, ಬಿಡದ ಕೆಮ್ಮು.
ಬೆಳಗಿನ ಹೊತ್ತು ಹೊಗೆ
ಮೊಣಕಾಲೆತ್ತರ ನಿಂತುಬಿಡುತ್ತದೆ, ಹಟಮಾರಿ ಮೇಕೆಯ ಹಾಗೆ.
ಎಲ್ಲಿಗೆ ತಾನೆ ಹೋದೀತು?

ನನ್ನ ಕೆಲಸ ಬಲೂನು ಬಿಡುವುದು.
ಹವಾಮಾನ ಕಚೇರಿಯ ಹಿತ್ತಲಲ್ಲಿ ಜಲಜನಕ ತುಂಬಿಸಿ
ಬಾಲಕ್ಕೆ ಊಟದ ಡಬ್ಬಿಯಷ್ಟು ಪೆಟ್ಟಿಗೆ ಕಟ್ಟಿ
'ಹೋಗಿ ಬಾ' ಅನ್ನುತ್ತೇನೆ.
ಸಂಬಳಕ್ಕೆ ಸೇರಿದ ಮಾತಲ್ಲ ಅದು. ಬರುವುದೂ ಇಲ್ಲ.

ಮಧ್ಯಾಹ್ನ ಮೂರಕ್ಕೆ ಮೋಡಕ್ಕೆ ಹಸಿವು.
ಬುಡದಿಂದ ಹೀರತೊಡಗುತ್ತದೆ:
ಗೂಡಿನ ಹೊಗೆ, ತಾಮ್ರದ ಲಾರಿಗಳ ಡೀಸೆಲ್ಲು,
ಕಸದ ರಾಶಿಯಲ್ಲಿ ಕರಗುವ ಚಪ್ಪಲಿ,
ಯಾರದು ಯಾವುದೆಂದು ಕೇಳದೆ.
ಅರ್ಧ ಗಂಟೆ. ಹನ್ನೆರಡು ಕಿಲೋಮೀಟರು.
ಮುಟಿಂಟಾ ಲುಸಾಕಾ ಕೂಡ ನೋಡಿದವಳಲ್ಲ.

ದಾರಿಯಲ್ಲಿ ಮಳೆ ಸುಂಕಕ್ಕೆ ಕೂತಿರುತ್ತದೆ.
ಮಸಿ, ಬೂದಿ, ಹುಳಿ, ಎಲ್ಲ ತೊಳೆದು
ಅವಳ ತಗಡಿನ ಸೂರಿಗೇ ಕಳಿಸುತ್ತದೆ ವಾಪಸು.
ನೀರಿಗೆ ಒಗ್ಗದ್ದು ಮಾತ್ರ,
ಬಣ್ಣವಿಲ್ಲದ್ದು, ವಾಸನೆಯಿಲ್ಲದ್ದು,
ಹೋದ ಚಳಿಗಾಲ ಕದ ಮುಚ್ಚಿದ ಕೋಣೆಯಲ್ಲಿ
ಅವಳ ತಂಗಿಯನ್ನು ಮಲಗಿದಲ್ಲೇ ಉಳಿಸಿದ್ದು,
ಕಾಸು ಕಟ್ಟದೆ ದಾಟಿಹೋಗುತ್ತದೆ.

ಮೇಲೆ ಮಿಂಚಿನ ಕಾರುಬಾರೇ ಬೇರೆ.
ಹುಟ್ಟಿದಾಗಿನಿಂದ ಜೋಡಿಯಾಗಿದ್ದ ಗಾಳಿಯನ್ನು ಸೀಳಿ
ಇವನನ್ನು ಅವಳಿಗೆ, ಅವಳನ್ನು ಇನ್ನೊಬ್ಬನಿಗೆ ಗಂಟುಹಾಕುತ್ತದೆ.
ಮಾರನೆಯ ಬಿಸಿಲಿಗೆ ಆ ಸಂಸಾರದಲ್ಲಿ ಓಝೋನ್ ಹುಟ್ಟುತ್ತದೆ,
ಅವಸರವಿಲ್ಲದೆ, ದಿನಗಟ್ಟಲೆ.

ನೆತ್ತಿ ಆಕಾಶದ ಚಾವಣಿಗೆ ತಾಕಿ ಚಪ್ಪಟೆಯಾದ ಮುಗಿಲನ್ನು
ನಮ್ಮ ಪುಸ್ತಕ ಅಡಿಗಲ್ಲು ಅನ್ನುತ್ತದೆ.
ಕೇಳಿ ಕಮ್ಮಾರ ಹಮೂಂಗಾ ನಕ್ಕ:
'ಇದ್ದಿಲು ನನ್ನ ಕುಲುಮೆಗೆ, ಹೊಗೆ ಅವನ ಅಡಿಗಲ್ಲಿಗೆ.
ಬಡಿದು ಏನು ಮಾಡುತ್ತಾನಂತೆ?'
ಗೊತ್ತಿಲ್ಲ. ಅಲ್ಲಿಂದಾಚೆ ಮೇಲ್ಗಾಳಿಯ ಹೆದ್ದಾರಿ.
ಒಂದಿಡೀ ಮಿಯೊಂಬೊ ಕಾಡು
ಹಡಗಿನವರ ಕಣ್ಣಿಗೆ ಬೀಳದೆ
ಹಿಂದೂ ಮಹಾಸಾಗರ ದಾಟುತ್ತಿರುತ್ತದೆ.

ಸಂಜೆ, ಹನಿಗೆ ಮುಂಚೆ, ತಣ್ಣನೆಯ ಗಾಳಿ
ಮೇಲಿನಿಂದ ಧೊಪ್ಪನೆ ಇಳಿಯಿತು.
'ಆಹಾ, ಎಂಥ ಶುದ್ಧ ವಾಸನೆ' ಅಂದ ಹಮೂಂಗಾ.
ನನ್ನ ಮೀಟರು ಬೇರೆ ಏನೋ ಬರೆದುಕೊಳ್ಳುತ್ತಿತ್ತು.
ಹೇಳೋಣವೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಮುಟಿಂಟಾ ಕೂಗಿದಳು: ಗೂಡು ನೆನೆಯುತ್ತೆ!
ಟಾರ್ಪಾಲಿನ ಒಂದು ತುದಿ ಅವಳು ಹಿಡಿದಳು,
ಇನ್ನೊಂದು ನಾನು.
ಗಾಳಿ ಅದನ್ನೂ ಎತ್ತಿಕೊಂಡು ಹೋಗಲು ನೋಡಿತು.