ತೂಕಕ್ಕೆ ಹಾಕುವ ದಿನ

ಮಂಡ್ಯದ ಪಾಲಿಟೆಕ್ನಿಕ್ಕು, ಹಿಂದಿನ ಕಟ್ಟಡ.
ಉಗ್ರಾಣದ ಬೀಗಕ್ಕೆ ಎಣ್ಣೆ ಬಿಟ್ಟು ಕಾದೆವು.
ದಾಸ್ತಾನು ಪುಸ್ತಕದಲ್ಲಿ ಕಿಟ್ಟು ಹದಿನಾಲ್ಕು,
ಕಪಾಟಿನಲ್ಲಿ ಹದಿಮೂರು.
"ಇಲಿ ತಿಂತು ಅಂತ ಬರ್ಕೊಳಿ ಮೇಡಮ್ಮೋರೆ"
ಎಂದ ಪುಟ್ಟಮಾದಯ್ಯ, ತಲೆಯ ಜೇಡರಬಲೆ ಒರೆಸಿಕೊಳ್ಳುತ್ತ.

ಗುತ್ತಲು ರಸ್ತೆಯ ಇಲಿಯಾಸ್ ತಕ್ಕಡಿ ತಂದಿದ್ದಾನೆ.
ಒಂದೊಂದೇ ಚಿಪ್ಪು ಎತ್ತಿ ಉಗುರಲ್ಲಿ ತಟ್ಟಿ
ಪಿಂಗಾಣಿಯದು ಈ ಗೋಣಿಗೆ, ಪ್ಲಾಸ್ಟಿಕ್ಕಿನದು ಆ ಗೋಣಿಗೆ.
"ಹಳೇದ್ರಲ್ಲೇ ಚಿನ್ನ ಜಾಸ್ತಿ ಮೇಡಂ.
ಬರ್ತಾ ಬರ್ತಾ ಬುದ್ಧಿ ಬಂತು, ಚಿನ್ನ ಹೋಯ್ತು."

ಸುಮ್ಮನೆ ಒಂದು ಕಿಟ್ಟಿಗೆ ಕರೆಂಟು ಕೊಟ್ಟೆ.
ಕೆಂಪು ಅಂಕಿ ಮಿಣುಕಿತು.
ಬೆರಳು ಮರೆತಿರಲಿಲ್ಲ:
ಮೂರು ಇ, ಸೊನ್ನೆ ಐದು. ಸೊನ್ನೆ ಆರು, ಸೊನ್ನೆ ಮೂರು.
ಎಂಟು ಸೊನ್ನೆ. ಏಳು ಆರು.
ಐದನ್ನು ಈ ಗೂಡಿಗಿಡು, ಮೂರನ್ನು ಪಕ್ಕದ್ದಕ್ಕೆ,
ಕೂಡು, ನಿಲ್ಲು.
ನಿಂತಿತು.
ಗೂಡು ತೆರೆದು ನೋಡಿದರೆ, ಎಂಟು.

ಕೆಲಸಕ್ಕೆ ಸೇರಿದ ವರ್ಷ ಬೋರ್ಡಿನ ಮೇಲೆ ಇದನ್ನು ಬಿಡಿಸಿ ಸೋತು
ಹುಡುಗರನ್ನು ನಾಲೆ ಏರಿಗೆ ಕರೆದೊಯ್ದಿದ್ದೆ.
ಅಲ್ಲಿ ನಮ್ಮ ಚಿಕ್ಕಪ್ಪ ಕಾಳಯ್ಯ ನೀರುಗಂಟಿ.
ಒಂದರ ಹಿಂದೊಂದು ಎರಡು ತೂಬು:
ಎರಡೂ ಎತ್ತಿದರಷ್ಟೇ ಗದ್ದೆಗೆ ನೀರು.
ಅಕ್ಕಪಕ್ಕ ಎರಡು: ಯಾವುದೆತ್ತಿದರೂ ನೀರು.
ಈಗ ಈ ಕಾಲುವೆಯ ನೀರೇ ಹೋಗಿ
ಆ ಕಾಲುವೆಯ ಹಲಗೆ ಎತ್ತಿತು ಅಂದುಕೊಳ್ಳಿ,
ನೀರುಗಂಟಿಯೇ ಬೇಡ, ಎಂದುಬಿಟ್ಟೆ.
"ನನ್ ಸಂಬಳವ ಯಾರ್ ಕೊಟ್ಟಾರವ್ವ?" ಎಂದರು ಚಿಕ್ಕಪ್ಪ.
ಹುಡುಗರು ನಕ್ಕರು. ಪಾಠ ಹತ್ತಿತು.

ಉಗುರಿಗಿಂತ ಕಿರಿದಾದ ಜಾಗ, ಆರೂವರೆ ಸಾವಿರ ತೂಬು,
ಹರಳೊಂದು ಮಿಡಿದಂತೆ ಏಳುತ್ತ ಬೀಳುತ್ತ
ಸೆಕೆಂಡಿಗೆ ಮೂವತ್ತು ಲಕ್ಷ ಸಲ.
ಆಮೇಲೆ ಲಕ್ಷಗಟ್ಟಲೆ, ಕೋಟಿಗಟ್ಟಲೆ,
ಕೇಸರಿಬಾತಿನ ತಟ್ಟೆಯಲ್ಲಿ ತುಂಡು ಚಿಕ್ಕದಾಗುತ್ತ ಹೋದಂತೆ.
ಆಲೆಮನೆ ಕಲಿತವು:
ಒಂದು ಕೊಪ್ಪರಿಗೆ ಕುದಿಯುವಾಗಲೇ ಮುಂದಿನ ಕಬ್ಬು ಗಾಣಕ್ಕೆ,
ಹಿಂದಿನ ಪಾಕ ಅಚ್ಚಿಗೆ, ಯಾರ ಕೈಯೂ ಖಾಲಿಯಿಲ್ಲ.
ಊಹಿಸುವುದನ್ನೂ ಕಲಿತವು.
ಕ್ಯಾಂಟೀನಿನ ಚಿಕ್ಕತಾಯಿ ಗೇಟಿನಲ್ಲಿ ನನ್ನ ಕೊಡೆ ಕಂಡೊಡನೆ
ಕಾಫಿ ಬೆರೆಸಿಬಿಡುತ್ತಾಳೆ.
ಇವತ್ತು ಟೀ ಅಂದೆನೋ, ಮುಸುರೆಗೆ ಸುರಿದು ಮತ್ತೆ ಮೊದಲಿಂದ.
ಅಂಥ ದಿನ ನೂರಕ್ಕೆ ನಾಲ್ಕು.

ಇದೋ, ಇದು ಕಾದ ಕಾಲದ್ದು.
ಮೈಮೇಲೆ ಅಲ್ಯೂಮಿನಿಯಂ ಗರಿ, ಗರಿಯ ಮೇಲೆ ಫ್ಯಾನು.
ಏಪ್ರಿಲ್ಲಿನ ಪ್ರಾಕ್ಟಿಕಲ್ಲಿನಲ್ಲಿ ನಲವತ್ತು ಯಂತ್ರ ಒಟ್ಟಿಗೆ ಉಸಿರುಬಿಟ್ಟು
ಕಿಟಕಿ ಪಕ್ಕದ ಹುಡುಗಿ ಬವಳಿ ಬಂದು ಬಿದ್ದಳು.
ಎಷ್ಟು ಚಾಟಿ ಬೀಸಿದರೂ ಎತ್ತು ಇನ್ನು ಓಡದು ಎಂದಾಗ
ಇನ್ನೊಂದು ಎತ್ತು ಕಟ್ಟಿದರು, ಆಮೇಲೆ ನಾಲ್ಕು, ಎಂಟು.
ಎಂಟೆತ್ತು ಕಟ್ಟಿದರೂ
ಬಿತ್ತುವ ಮೊದಲು ಉಳಲೇಬೇಕು.
ಅದನ್ನು ಯಾರೂ ಹಂಚಿಕೊಳ್ಳಲಾರರು.

ಹದಿನಾಲ್ಕನೆಯ ಕಿಟ್ಟು ಎಲ್ಲಿದೆ, ನನಗೆ ಗೊತ್ತು.
ಷರಾ ಕಾಲಂನಲ್ಲಿ ಇಲಿ ಎಂದು ಬರೆದೆ.

ಒಟ್ಟು ಹನ್ನೊಂದು ಕಿಲೋ ನಾನೂರು.
ಇಲಿಯಾಸ್ ಮೊಬೈಲು ತೆಗೆದು ಗುಣಿಸಿದ.
ಅದರೊಳಗೆಲ್ಲೋ ನೂರಾರು ಕೋಟಿ ತೂಬಿನ ನಾಡು.
ಉತ್ತರ ಬಂತು. ನಂಬದೆ
ಬೆರಳ ಗೆಣ್ಣು ಎಣಿಸುತ್ತ ಇನ್ನೊಮ್ಮೆ ಹಾಕಿದ ಲೆಕ್ಕ.
ಚಿಕ್ಕಪ್ಪನೂ ಹಾಗೆಯೇ,
ಹಲಗೆ ಇಳಿಸಿದ ಮೇಲೂ ಕಾಲುವೆಗೆ ಕಾಲಿಟ್ಟು ನೋಡುತ್ತಿದ್ದರು,
ನೀರು ನಿಜಕ್ಕೂ ನಿಂತಿತೇ ಎಂದು.

"ಅದೂ ಹಾಕ್ಲಾ ಮೇಡಂ?"
ವೈರು ಕಿತ್ತೆ.
ಎಂಟು ಆರಿತು, ಐದು ಮೂರರ ಸಮೇತ.