ಬರುವಾಗಿನ ಲೆಕ್ಕ

ಹಾರಂಗಿ. ಬೆಳಗಿನ ಏಳು ಗಂಟೆ. ಗೇಟಿನ ಜಾಲರಿಗೆ
ಬಿದಿರುಮೆಳೆ ಸಿಕ್ಕಿದೆ, ಅದರೊಳಗೆ ಯಾರದೋ ಪ್ಲಾಸ್ಟಿಕ್ ಕುರ್ಚಿ.
ಮೊಯ್ದು ದೋಣಿ ಹಿಡಿದಿದ್ದಾನೆ.
ನಾನು ಸೊಂಟದ ಪಟ್ಟಿಯಿಂದ ಸೀಸದ ಬಿಲ್ಲೆ ಕಳಚುತ್ತಿದ್ದೇನೆ:
ಮುರುಡೇಶ್ವರದ ಕಡಲಿಗೆ ಎಂಟು ಕಿಲೋ ಬೇಕಿತ್ತು,
ಸಿಹಿನೀರು ಅಷ್ಟು ಎತ್ತುವುದಿಲ್ಲ, ಎರಡು ತೆಗೆ.
ಬೆನ್ನಿಗೆ ತುಂಬಿದ ಸಿಲಿಂಡರು, ಅದೇ ಎಳೆಯುತ್ತದಲ್ಲ,
ಇನ್ನೆರಡು ತೆಗೆ.

ಮೊದಲನೆಯದು ಸರಿ, ಎಂದಳು ದೇಚಮ್ಮ.
ಎರಡನೆಯದಕ್ಕೆ ಏನೂ ಅನ್ನಲಿಲ್ಲ.
ಅವಳು ಕಲಿಸುವ ರೀತಿಯೇ ಅದು.

ಇಳಿದೆ, ಚೆನ್ನಾಗಿಯೇ ಇಳಿದೆ.
ಹತ್ತು ಮೀಟರಿನಲ್ಲಿ ನೀರು ಕಷಾಯದ ಬಣ್ಣ,
ಗರಗಸ ಎಲ್ಲಿದೆಯೆಂದು ಕೈಗೇ ಗೊತ್ತಾಗಬೇಕು.
ಮುಳ್ಳು ಇನ್ನೂರರಿಂದ ನೂರಕ್ಕೆ, ನೂರರಿಂದ ಎಂಬತ್ತಕ್ಕೆ.
ಒಂದೊಂದು ಉಸಿರೂ ಗುಳ್ಳೆಯಾಗಿ
ದೋಣಿಯಡಿ ಒಡೆದುಹೋಯಿತು, ಲೆಕ್ಕವಿಡಲಿಲ್ಲ ನಾನು.

ಐವತ್ತಕ್ಕೆ ಹೊರಟೆ. ಐದು ಮೀಟರಿನಲ್ಲಿ
ಮೂರು ನಿಮಿಷ ನಿಲ್ಲಬೇಕು.
ನಿಲ್ಲಲಾಗಲಿಲ್ಲ.
ಅಲ್ಯೂಮಿನಿಯಂ ಬುಡ ಮೊದಲು ಮೇಲೆದ್ದಿತು,
ಹಿಂದೆಯೇ ಸೊಂಟ, ಅದರ ಹಿಂದೆ ನಾನು
ಲಂಗರಿನ ಹಗ್ಗ ತಬ್ಬಿ, ಕಾಲು ಮೇಲಾಗಿ, ಹಗಲು ಬಾವಲಿ.
ಜಾಕೆಟಿನ ಗಾಳಿಯೆಲ್ಲ ಬಿಟ್ಟೆ. ಎದೆಯದನ್ನೂ ಬಿಟ್ಟೆ.

ಅಮ್ಮ ನೆನಪಾದಳು. ಸುಂಟಿಕೊಪ್ಪದ ಪಲ್ಪಿಂಗ್ ಮನೆ.
ತೊಟ್ಟಿಗೆ ಹಣ್ಣು ಸುರಿದರೆ ಗಟ್ಟಿಯದು ತಳಕ್ಕೆ,
ಕಾಯಿಕೊರಕ ತಿಂದದ್ದು, ಜೊಳ್ಳು, ಎಲ್ಲ ಮೇಲಕ್ಕೆ.
ಮಾತಾಡುತ್ತಲೇ ಜರಡಿಯಲ್ಲಿ ಬಾಚುತ್ತಿದ್ದಳು.
ಆ ಜರಡಿ ಈಗ ಬಂದರೆ
ಮೊದಲು ನಾನೇ.

ಮೇಲೆ ಬಂದರೆ, ಬಿದಿರು ಕುಯ್ದೊಡನೆ ತೇಲಿದ ಕುರ್ಚಿ
ನನಗಿಂತ ಮೊದಲೇ ದೋಣಿ ಸೇರಿದೆ.
ಮೊಯ್ದು ಅದರ ಮೇಲೆ ಕೂತು ಬೀಡಿ ಹಚ್ಚಿದ್ದಾನೆ.

"ಗಾಳಿಗೆ ತೂಕ ಇಲ್ಲ ಅಂದ್ಕೊಂಡಿದ್ದೆಯಾ?" ದೇಚಮ್ಮ.
ಎರಡು ಕಿಲೋ. ಮುಕ್ಕಾಲು ಗಂಟೆಯಲ್ಲಿ ನಾನು ಉಸಿರಾಡಿ ಮುಗಿಸಿದ್ದು.
ಕುಶಾಲನಗರದ ಸಂತೆಯಿಂದ ಹೊತ್ತು ತಂದರೆ
ಬೆರಳಲ್ಲಿ ಗೆರೆ ಮೂಡುವಷ್ಟು.
"ಉಕ್ಕಿನ ಸಿಲಿಂಡರು ಬರಿದಾದರೂ ಮುಳುಗೇ ಇರ್ತದೆ. ಇದು ಬರಿದಾದ್ರೆ ನಿನ್ನನ್ನೂ ಎತ್ಕೊಂಡು ಹೋಗ್ತದೆ.
ಹೋಗುವ ಲೆಕ್ಕ ಹಾಕಿದೆ ನೀನು. ಬರುವಾಗಿನದು ಹಾಕು."

ಆ ಬರಿದಾದದ್ದನ್ನೇ ಕಟ್ಟಿ ದೋಣಿಯ ಪಕ್ಕ ನಿಲ್ಲಿಸಿದಳು.
ಒಂದು ಬಿಲ್ಲೆ. ಗದ್ದ ಇನ್ನೂ ಹೊರಗೆ. ಇನ್ನೊಂದು.
ನೀರು ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು:
ಮೇಲರ್ಧ ಮಂಜು ಬಿಡುತ್ತಿರುವ ಗುಡ್ಡ, ಕೆಳಗರ್ಧ ಹಸಿರು ಕತ್ತಲೆ.
ಉಸಿರು ಬಿಟ್ಟೆ. ಗುಡ್ಡ ಮೆಲ್ಲಗೆ ಹೋಯಿತು.

ಬಿದಿರು ಇನ್ನೂ ಅರ್ಧ ಉಳಿದಿದೆ.
ಮಧ್ಯಾಹ್ನ ಹೊಸ ಸಿಲಿಂಡರು, ತೆಗೆದ ಆ ಎರಡು ಕಿಲೋ ಮತ್ತೆ ಸೊಂಟಕ್ಕೆ.
ಇಳಿಯುವಾಗ ಸ್ವಲ್ಪ ಭಾರ ಅನ್ನಿಸುತ್ತದೆ.
ಅನ್ನಿಸಲಿ.