ಹದಿನೇಳನೆಯ ಚೌಕ

ಅತ್ತಿಗುಂಡಿಯ ಮೇಲೆ, ಜೀಪು ನಿಂತಲ್ಲಿಂದ
ಜಿಗಣೆ ಕೀಳುತ್ತ ಮುಕ್ಕಾಲು ಗಂಟೆ ಹತ್ತಿದರೆ ಈ ಇಳಿಜಾರು.
ಹತ್ತು ಮೀಟರಿಗೆ ಹತ್ತು ಮೀಟರು,
ಹಸಿರು ನೈಲಾನ್ ಹಗ್ಗ, ನಾಲ್ಕು ಗೂಟ.
ಒಳಗೆ ಬಿದ್ದದ್ದು ಲೆಕ್ಕ.
ಹೊರಗಿನದು ಕಾಡು.

ಫಾರಮಿನಲ್ಲಿ ಮೊದಲೇ ಅಚ್ಚಾಗಿದೆ: ಪೈನ್, ಓಕ್.
ಯಾವ ಬೆಟ್ಟಕ್ಕೆಂದು ಮಾಡಿದ್ದೋ,
ಹಿಮ ಬೀಳುವ ಸೀಮೆಯದಿರಬೇಕು.
ನಮ್ಮಲ್ಲಿ ಗಾಳಿಮರವುಂಟು,
ಪೈನಿನ ಹಾಗೇ ಸುಯ್ಯೆನ್ನುತ್ತದೆ, ಪೈನಲ್ಲ.
ಸಿಲ್ವರ್ ಓಕ್ ಉಂಟು, ಕೆಳಗಿನ ತೋಟದಲ್ಲಿ ಮೆಣಸಿನ ಬಳ್ಳಿ ಹೊತ್ತು ನಿಂತು
ಬೀಜವನ್ನಷ್ಟೇ ಇಲ್ಲಿಗೆ ಹಾರಿಸಿದೆ. ಓಕಲ್ಲ.
ಎರಡು ಸುಳ್ಳಿನ ನೆರಳಲ್ಲಿ
ಪೆನ್ಸಿಲಿನ ತುದಿ ಕಚ್ಚಿ ನಿಂತೆ.

ಗಿಡ್ಡಮ್ಮ ಎಲೆ ಹಿಸುಕಿ ಮೂಸುತ್ತಾಳೆ.
‘ಇದು ಹೊಟ್ಟೆನೋವಿನ ಸೊಪ್ಪು, ಬರ್ಕಳಿ.
ಇದು ದನ ಮುಟ್ಟದ್ದು.
ಇದನ್ನ ನಮ್ಮತ್ತೆ ತಲೆಗೆ ಹಾಕ್ತಿದ್ಲು, ಆದ್ರೂ ಬೋಳಾಗೇ ಸತ್ಲು.’
ಅವಳ ಹೆಸರೂ ನನ್ನ ಲ್ಯಾಟಿನ್ನೂ
ಒಂದೇ ಗೆರೆಯ ಮೇಲೆ ಒತ್ತೊತ್ತಿ ಕೂತವು,
ಬಸ್ಸಿನ ಸೀಟಲ್ಲಿ ಗುರುತಿಲ್ಲದ ಇಬ್ಬರ ಹಾಗೆ.

ಎದೆಮಟ್ಟದ ಸುತ್ತಳತೆ ಹಿಡಿ ಎಂದೆ.
ಟೇಪು ಹಿಡಿದು ಕೇಳಿದಳು: ‘ನನ್ನೆದೆಯಾ, ನಿಮ್ಮೆದೆಯಾ?’
ಫಾರಮಿನ ಎದೆ. ಒಂದು ಮೀಟರ್ ಮೂವತ್ತೇಳು.
‘ಅಷ್ಟೆತ್ತರದ ಎದೆ
ನಮ್ಮ ಕೇರೀಲಿ ಯಾರಿಗೂ ಇಲ್ಲ.’

ಹದಿನೇಳನೆಯ ಚೌಕ. ಗೂಟ ನೆಡುವ ಮೊದಲೇ
ಯಾಕೋ ಹೆಜ್ಜೆ ಎಣಿಸತೊಡಗಿದಳು,
ಎರಡೂವರೆ ಹೆಜ್ಜೆ, ಒಂದು ಗಾಳಿಮರ,
ಎರಡೂವರೆ, ಒಂದು,
ಆರರವರೆಗೆ ಸರಿಯಾಗಿ ಬಂತು.
ಏಳನೆಯ ಜಾಗದಲ್ಲಿ ಬೇರೇನೋ ನಿಂತಿತ್ತು,
ಡೊಂಕು, ಗಿಡ್ಡ, ಮೈತುಂಬ ಪಾಚಿ,
ಕವಲಿನಲ್ಲಿ ಸೀತೆದಂಡೆಯ ಒಣಗಿದ ಕಾಯಿ.

‘ಹುಲ್ಲು ಸುಟ್ಟು ಗುಂಡಿ ತೆಗ್ದಿದ್ದು ನಾವೇ,
ದಿನಕ್ಕೆ ನಾಲ್ಕೂವರೆ ರೂಪಾಯಿ.
ಇಲ್ಲೊಂದು ಸಸಿ ಇತ್ತು. ಎರಡೇ ಎಲೆ, ಕೆಂಪು.
ಅದೊಂದ ಬಿಟ್ಟೆ.
ಸಾಲು ತಪ್ತು ಅಂತ ಮೇಸ್ತ್ರಿ
ಅರ್ಧ ದಿನದ ಕೂಲಿ ಮುರ್ಕಂಡ.’

ಯಾಕೆ ಬಿಟ್ಟೆ?

ಟೇಪನ್ನು ಕಾಂಡದ ಸುತ್ತ ತಂದಳು,
ತನ್ನ ಎದೆಯ ಮಟ್ಟಕ್ಕೇ.
‘ಯಾಕೋ. ಅವತ್ತು ಕೈ ನೋಯ್ತಿತ್ತು.’

ತೊಂಬತ್ತನಾಲ್ಕು ಸೆಂಟಿಮೀಟರು.
ನಾನು ತಿದ್ದಲಿಲ್ಲ.
ಅದರ ಬುಡದಲ್ಲಿ ಮರಿಗಳು ಹದಿನಾಲ್ಕು;
ಸುತ್ತ ಗಾಳಿಮರದ ಕೆಳಗೆ ಬರೀ ಕಂದು ಎಳೆ,
ಇರುವೆಗೂ ಜಾರುವಷ್ಟು ನುಣುಪು.

ಕೊನೆಯ ಕಲಮಿನಲ್ಲಿ ಎರಡು ಮನೆ:
ನೆಟ್ಟದ್ದು. ತಾನೇ ಹುಟ್ಟಿದ್ದು.
ಒಂದಕ್ಕೆ ಗುರುತು ಹಾಕತಕ್ಕದ್ದು.
ಪೆನ್ಸಿಲು ಎರಡರ ನಡುವಿನ ಗೆರೆಯ ಮೇಲೆ ನಿಂತಿದ್ದಾಗಲೇ
ಕಣಿವೆಯಿಂದ ಮಂಜು ಎದ್ದು ಒಂದು ಗೂಟ ಹೋಯಿತು,
ಆಮೇಲೆ ಇನ್ನೊಂದು.

ಹೆಸರೇನು ಬರೆಯಲಿ ಎಂದು ಕೂಗಿದೆ.
ಕಾಣಲಿಲ್ಲ. ಸದ್ದು ಮಾತ್ರ,
ಮೊಣಕೈಗೆ ಸರಸರ ಹಗ್ಗ ಸುತ್ತುವ ಸದ್ದು.
‘ಆಮೇಲೆ ಬರ್ಕಳಿ ಮೇಡಂ,
ಹದಿನೆಂಟಕ್ಕೆ ಕತ್ಲಾಯ್ತದೆ.’